ಈ ಕಂಬ ತೆಗೆದರೆ ಏನಾಗುತ್ತದೆ?

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಪಡಸಾಲೆಯ ಕಂಬವೊಂದಕ್ಕೆ ಒರಗಿ ನಿಂತು, "ಇದೊಂದ್ ಕಂಬ ಕಿತ್ತಾಕುದ್ರೆ ಪಡಸಾಲೆ ಎಷ್ಟ್ ಅಗ್ಲ ಆದದು ನೋಡ್ಲಾ! ಮಗಳ ನಿಶ್ಚಿತಾರ್ಥಕ್ಕೆ ನೂರು ಜನ ಕೂರ್ಬೋದು. ನೀನು ಓದ್ದೋನಲ್ವಾ, ಹೇಳು, ತೆಗೀಬೋದಾ?" ಅಂದರು.

ನಮ್ಮದು ಮಂಡ್ಯ ಕಡೆಯ ಹಳೆಯ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ರೀಪು, ಅದರ ಮೇಲೆ ಹೆಂಚು. ಒಂದು ಬದಿಗೆ ಅಟ್ಟವೂ ಇದೆ. ರಾಗಿ ಮೂಟೆ, ಯಾರೂ ಬಳಸದ ತಾಮ್ರದ ಹಂಡೆ, ನನ್ನ ಹೈಸ್ಕೂಲಿನ ಪುಸ್ತಕ ಎಲ್ಲ ಅಲ್ಲೇ. ಚಿಕ್ಕಪ್ಪನ ಕಣ್ಣಿಗೆ ಬಿದ್ದ ಕಂಬ ಸರಿಯಾಗಿ ಆ ಅಟ್ಟದ ಕೆಳಗೇ ಇತ್ತು.

ನಾನು ಸಿವಿಲ್ ಓದಿದವನು. ಬೇಡ ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಚಿಕ್ಕಪ್ಪ ಹಾಗೆಲ್ಲ ಒಪ್ಪುವವರಲ್ಲ. ಯಾಕೆ ಬೇಡ ಅಂತ ಹೇಳಬೇಕು. ಹೇಳಲು ಹೊರಟರೆ ಸೋಮನಾಥಪುರ, ಮೇಲುಕೋಟೆ, ಶ್ರೀರಂಗಪಟ್ಟಣ ಎಲ್ಲ ಸುತ್ತಿ ಬರಬೇಕಾಯಿತು.

ಎರಡು ಕಂಬ ನಿಲ್ಲಿಸಿ. ಅವುಗಳ ತಲೆಯ ಮೇಲೆ ಒಂದು ತೊಲೆ ಅಡ್ಡ ಇಡಿ. ಅಷ್ಟೇ, ಕಟ್ಟಡ ಶುರುವಾಯಿತು. ದನದ ಕೊಟ್ಟಿಗೆ, ಮದುವೆ ಚಪ್ಪರ, ಬಸ್ ಸ್ಟಾಪು, ದೇವಸ್ಥಾನದ ಮಂಟಪ, ನಿಮ್ಮ ಮನೆಯ ಬಾಗಿಲು ಎಲ್ಲವೂ ಇದೇ. ಹಳೆಯ ದಾರಿಗಳ ಪಕ್ಕದಲ್ಲಿ ತಲೆಹೊರೆ ಇಳಿಸಲು ನಿಲ್ಲಿಸಿದ ಕಲ್ಲುಗಳನ್ನು ನೋಡಿರಬಹುದು. ನಿಂತ ಕಲ್ಲು ಎರಡು, ಅಡ್ಡಗಲ್ಲು ಒಂದು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಇರುವುದೂ ಅದೇ, ಗಾತ್ರ ದೊಡ್ಡದು ಅಷ್ಟೆ.

ಎರಡು ಕಂಬಗಳ ನಡುವಿನ ಜಾಗಕ್ಕೆ ನಮ್ಮಲ್ಲಿ ಅಂಕಣ ಅಂತ ಹೆಸರು. ಈಗ ಅಂಕಣ ಅಂದರೆ ಪತ್ರಿಕೆಯಲ್ಲಿ ಬರೆಯುವುದು ಅಂತಲೇ ಎಲ್ಲರಿಗೂ ಹೊಳೆಯುತ್ತದೆ. ಹಿಂದೆ ಮನೆ ಅಳೆಯುತ್ತಿದ್ದದ್ದೇ ಅಂಕಣದಲ್ಲಿ. ಮೂರಂಕಣದ ಮನೆ, ಐದಂಕಣದ ಮನೆ ಅನ್ನುತ್ತಿದ್ದರು. ಚದರಡಿ ಲೆಕ್ಕ ಆಮೇಲೆ ಬಂತು. ಒಂದು ತೊಲೆ ಎಷ್ಟು ದೂರ ದಾಟಬಲ್ಲದೋ ಅಷ್ಟೇ ಒಂದು ಅಂಕಣ. ಯಜಮಾನನ ಹತ್ತಿರ ಎಷ್ಟೇ ದುಡ್ಡಿರಲಿ, ಅಂಕಣಗಳ ಎಣಿಕೆ ಹೆಚ್ಚಾಗಬಹುದು. ಅಂಕಣ ಮಾತ್ರ ಅಷ್ಟು ಸುಲಭಕ್ಕೆ ಹಿಗ್ಗುವುದಿಲ್ಲ.

ಯಾಕೆ ಹಿಗ್ಗುವುದಿಲ್ಲ? ಮಂಡ್ಯದವರಿಗೆ ಇದನ್ನು ತೋರಿಸಲು ಕಬ್ಬೇ ಸಾಕು. ಒಂದು ಜಲ್ಲೆಯ ಎರಡೂ ತುದಿ ಹಿಡಿದು, ನಡುಭಾಗವನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ. ಎಲ್ಲಿ ಮೊದಲು ಬಿರಿಯುತ್ತದೆ ನೋಡಿ. ಮೊಣಕಾಲಿಗೆ ತಾಗಿದ ಕಡೆ ಬಿರಿಯುವುದಿಲ್ಲ. ಅದರ ಎದುರು ಬದಿ ಬಿರಿಯುತ್ತದೆ. ಬಗ್ಗಿದಾಗ ಹೊರಬದಿ ಉದ್ದವಾಗಬೇಕು, ಒಳಬದಿ ಗಿಡ್ಡವಾಗಬೇಕು. ಒಳಬದಿ ನಜ್ಜಾಗಿ ಒತ್ತಿಕೊಳ್ಳುತ್ತದೆ. ಹೊರಬದಿಯ ನಾರು ಎಳೆತ ತಡೆಯಲಾರದೆ ಹರಿಯುತ್ತದೆ.

ತೊಲೆಯೊಳಗೆ ನಡೆಯುವುದೂ ಇದೇ. ಮೇಲೆ ಭಾರ ಬಿದ್ದಾಗ ತೊಲೆ ಕೆಳಕ್ಕೆ ಜಗ್ಗುತ್ತದೆ. ಎಷ್ಟೋ ಸಲ ಅದು ಕಣ್ಣಿಗೆ ಕಾಣುವುದೇ ಇಲ್ಲ. ಆದರೂ ಜಗ್ಗಿರುತ್ತದೆ. ಆಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳ ಎಳೆದುಕೊಳ್ಳುತ್ತದೆ. ಇವೆರಡರ ನಡುವೆ ಒಂದು ಪದರ ಒತ್ತೂ ಇಲ್ಲ, ಎಳೆತವೂ ಇಲ್ಲದೆ ಹಾಯಾಗಿರುತ್ತದೆ. ತೊಲೆಯ ಕಷ್ಟವೆಲ್ಲ ಹೊಟ್ಟೆಯಲ್ಲಿ. ಅಂದರೆ ನಟ್ಟನಡುವೆ, ತಳದಲ್ಲಿ.

ಕಂಬಕ್ಕೆ ಈ ತಲೆನೋವಿಲ್ಲ. ಭಾರ ನೇರ ಮೇಲಿಂದ ಬರುತ್ತದೆ, ನೇರ ಕೆಳಗೆ ಹೋಗುತ್ತದೆ. ಬರೀ ಒತ್ತು. ಕಲ್ಲಿಗೆ ಒತ್ತು ಅಂದರೆ ಲೆಕ್ಕಕ್ಕೇ ಇಲ್ಲ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಒಳ್ಳೆಯ ಗ್ರಾನೈಟಿನ ಕಂಬವೊಂದನ್ನು ಎತ್ತರಿಸುತ್ತಾ ಹೋದರೆ, ತನ್ನದೇ ಭಾರಕ್ಕೆ ಅದರ ಬುಡ ಪುಡಿಯಾಗಲು 3 ಕಿಲೋಮೀಟರಿಗಿಂತ ಜಾಸ್ತಿ ಎತ್ತರ ಬೇಕು. ಚಾಮುಂಡಿ ಬೆಟ್ಟ ಮೈಸೂರಿನ ನೆಲದಿಂದ ಸುಮಾರು 300 ಮೀಟರ್ ಎತ್ತರ. ಅಂಥ ಹತ್ತು ಬೆಟ್ಟ ಒಂದರ ಮೇಲೊಂದು ಇಟ್ಟಷ್ಟು! ಇದು ಕಾಗದದ ಮೇಲಿನ ಲೆಕ್ಕ, ಯಾರೂ ಕಟ್ಟಿ ನೋಡಿಲ್ಲ. ಆದರೆ ದೇವಸ್ಥಾನದ ಕಂಬ ಭಾರಕ್ಕೆ ಪುಡಿಯಾಗುವ ಭಯ ಎಷ್ಟು ದೂರದ್ದು ಅಂತ ಇದರಿಂದ ತಿಳಿಯುತ್ತದೆ.

ಕಂಬಕ್ಕೆ ಬೇರೊಂದು ಅಪಾಯ ಇದೆ. ಅದು ತೆಳ್ಳಗಿದ್ದರೆ ಪಕ್ಕಕ್ಕೆ ಬಾಗುತ್ತದೆ. ಪೊರಕೆ ಕಡ್ಡಿಯ ಒಂದು ತುದಿ ನೆಲಕ್ಕೆ ಊರಿ ಮೇಲಿಂದ ಒತ್ತಿ. ಮುರಿಯುವ ಮೊದಲೇ ಬಿಲ್ಲಿನಂತೆ ಬಾಗುತ್ತದೆ. ಅದೇ ಕಡ್ಡಿಯನ್ನು ಗಿಡ್ಡ ಮಾಡಿ ಒತ್ತಿದರೆ ಬಾಗಿಸಲು ಕಷ್ಟ. ದಪ್ಪ ಬದಲಾಗದೆ ಎತ್ತರ ಮಾತ್ರ ಎರಡರಷ್ಟಾದರೆ, ಬಾಗದೆ ಹೊರಬಲ್ಲ ಭಾರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಲ್ಲಿನ ಕಂಬ ಹೇಗೂ ದಪ್ಪ. ಈ ಭಯ ಹೆಚ್ಚಾಗಿ ಮರಕ್ಕೆ, ಕಬ್ಬಿಣಕ್ಕೆ.

ಒತ್ತಿಗೆ ಇಷ್ಟು ಗಟ್ಟಿಯಾದ ಕಲ್ಲು ಎಳೆತಕ್ಕೆ ಬಂದರೆ ಕೈಕೊಡುತ್ತದೆ. ಒತ್ತಿ ಒಡೆಯಲು ಬೇಕಾದ ಬಲದ ಸುಮಾರು ಹತ್ತನೇ ಒಂದು ಪಾಲು, ಎಷ್ಟೋ ಸಲ ಅದಕ್ಕೂ ಕಡಿಮೆ ಸಾಕು, ಕಲ್ಲನ್ನು ಎಳೆದು ಒಡೆಯಲು. ಕಲ್ಲು ಸೀಳುವವರಿಗೆ ಇದು ಚೆನ್ನಾಗಿ ಗೊತ್ತು. ಬಂಡೆಯ ಮೇಲೆ ಒಂದು ಗೆರೆಯ ಉದ್ದಕ್ಕೂ ಸಾಲಾಗಿ ಗುಳಿ ತೋಡುತ್ತಾರೆ. ಒಂದೊಂದು ಗುಳಿಗೂ ಉಕ್ಕಿನ ಬೆಣೆ ಇಡುತ್ತಾರೆ. ಆ ತುದಿಯಿಂದ ಈ ತುದಿಗೆ ಒಂದೊಂದೇ ಏಟು ಹಾಕುತ್ತಾ ಬರುತ್ತಾರೆ. ಬೆಣೆ ಗುಳಿಯ ಎರಡು ಬದಿಯನ್ನು ದೂರ ತಳ್ಳುತ್ತದೆ. ಆನೆ ಹತ್ತಿ ನಿಂತರೂ ಅಲುಗದ ಬಂಡೆ ಗೆರೆ ಹಿಡಿದು ಸೀಳಿಕೊಳ್ಳುತ್ತದೆ. ನಮ್ಮ ತೋಟದ ಬೇಲಿಗೆ ನೆಡುವ ಉದ್ದದ ಕಲ್ಲುಗಂಬಗಳು ಹೀಗೇ ಸೀಳಿ ಬಂದವು. ಅವುಗಳ ಅಂಚಿನಲ್ಲಿ ಅರ್ಧರ್ಧ ಗುಳಿಗಳ ಸಾಲು ಈಗಲೂ ಕಾಣುತ್ತದೆ. ಯಾವ ದೌರ್ಬಲ್ಯದಿಂದ ಬಂಡೆ ತೊಲೆಯಾಯಿತೋ ಅದೇ ದೌರ್ಬಲ್ಯ ತೊಲೆಯ ಹೊಟ್ಟೆಯಲ್ಲಿ ಕೂತಿರುತ್ತದೆ.

ಮರ ಹಾಗಲ್ಲ. ಅದರಲ್ಲಿ ಉದ್ದಕ್ಕೂ ನಾರಿದೆ, ಎಳೆತ ತಡೆಯುತ್ತದೆ. ಸಾಲದ್ದಕ್ಕೆ ಮುರಿಯುವ ಮುಂಚೆ ಜಗ್ಗುತ್ತದೆ, ಕಿರ್ ಅನ್ನುತ್ತದೆ, ಸೀಳು ಬಿಡುತ್ತದೆ. ನೋಡುವವರಿಗೆ ಸೂಚನೆ ಸಿಗುತ್ತದೆ. ಕಲ್ಲು ಏನೂ ಹೇಳುವುದಿಲ್ಲ. ಅಡುಗೆಮನೆಯ ಕಟ್ಟೆಗೆ ಹಾಸಿದ ಕಡಪ ಕಲ್ಲು ಒಂದು ದಿನ ಇದ್ದಕ್ಕಿದ್ದಂತೆ ಟಕ್ ಅಂತ ಎರಡಾಗುವುದು ನೋಡಿದ್ದೀರಲ್ವಾ? ಕೆಳಗೆ ಸಿಲಿಂಡರ್ ಇಡಲು ಜಾಗ ಬಿಟ್ಟ ಕಡೆಯೇ ಸಾಮಾನ್ಯವಾಗಿ ಒಡೆಯುತ್ತದೆ. ಅಲ್ಲಿ ಆಸರೆ ದೂರ ದೂರ ಇರುತ್ತದೆ.

ಈಗ ದೂರದ ಲೆಕ್ಕಕ್ಕೆ ಬರೋಣ. ಒಂದಡಿ ಅಗಲ, ಒಂದಡಿ ದಪ್ಪ, 10 ಅಡಿ ಉದ್ದದ ಕಲ್ಲಿನ ತೊಲೆ ಸುಮಾರು 760 ಕಿಲೋ ತೂಗುತ್ತದೆ. ಅದನ್ನೇ 20 ಅಡಿ ಮಾಡಿದರೆ ತೂಕ ಎರಡರಷ್ಟು. ಆದರೆ ಹೊಟ್ಟೆಯ ಎಳೆತ ನಾಲ್ಕರಷ್ಟು. ಭಾರವೂ ಎರಡರಷ್ಟಾಯಿತು, ಅದು ಆಸರೆಯಿಂದ ಇರುವ ದೂರವೂ ಎರಡರಷ್ಟಾಯಿತು. ಎರಡೆರಡ್ಲ ನಾಲ್ಕು. ಜಗ್ಗುವುದಂತೂ ಹದಿನಾರರಷ್ಟು. ಇನ್ನೂ ಛಾವಣಿಯ ಭಾರ ಹೇರಿಯೇ ಇಲ್ಲ, ಇದು ಬರೀ ತೊಲೆ ತನ್ನನ್ನು ತಾನು ಹೊರುವ ಲೆಕ್ಕ.

ಇದಕ್ಕೆ ಒಂದು ಉಪಾಯ, ತೊಲೆಯ ಎತ್ತರ ಹೆಚ್ಚಿಸುವುದು. ಎತ್ತರ ಅಂದರೆ ನಿಲುವಿನ ದಪ್ಪ. ಸ್ಕೂಲಿನ ಮರದ ಸ್ಕೇಲನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಅಲುಗುವುದಿಲ್ಲ. 4 ಅಂಗುಲಕ್ಕೆ 8 ಅಂಗುಲದ ತೊಲೆಯನ್ನು ಮಲಗಿಸುವ ಬದಲು ನಿಲ್ಲಿಸಿ ಕೂರಿಸಿದರೆ ಎರಡರಷ್ಟು ಭಾರ ಹೊರುತ್ತದೆ. ಮರ ಅದೇ, ದುಡ್ಡು ಅದೇ. ಹಾಗಿದ್ದೂ ಮಲಗಿಸಿ ಕೂರಿಸಿದ ತೊಲೆಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಾಗಿಲ ಎತ್ತರಕ್ಕೆ ಅಡ್ಡ ಬರುತ್ತೆ ಅಂತಲೋ ಏನೋ.

ಎರಡನೇ ಉಪಾಯ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುವುದು. ಈಜಿಪ್ಟಿನ ಕಾರ್ನಾಕ್ ದೇವಾಲಯದ ದೊಡ್ಡ ಸಭಾಂಗಣದಲ್ಲಿ 134 ಕಂಬಗಳಿವೆ. ಒಳಗೆ ಹೊಕ್ಕವರಿಗೆ ಜಾಗಕ್ಕಿಂತ ಕಂಬವೇ ಹೆಚ್ಚು ಕಾಣುತ್ತದೆ. ನಮ್ಮ ದೇವಸ್ಥಾನಗಳ ಮಂಟಪಗಳೂ ಅಷ್ಟೇ. ಜಾತ್ರೆಯ ದಿನ ಕಂಬದ ಹಿಂದೆ ಸಿಕ್ಕಿಕೊಂಡು ದೇವರು ಕಾಣದೆ ಕತ್ತು ಚಾಚಿದವರಿಗೆಲ್ಲ ಇದರ ಅನುಭವ ಇದೆ. ಅಲಂಕಾರಕ್ಕೆ ಇಷ್ಟೊಂದು ಕಂಬ ನಿಲ್ಲಿಸಿದರು ಅಂದುಕೊಳ್ಳುತ್ತೇವೆ. ಮೊದಲು ಬಂದದ್ದು ಅಗತ್ಯ. ಹೇಗೂ ನಿಲ್ಲಿಸಲೇಬೇಕಲ್ಲ ಅಂತ ಶಿಲ್ಪಿಗಳು ಅದನ್ನೇ ಚೆಂದ ಮಾಡಿದರು.

ಮೂರನೇ ಉಪಾಯ ನನಗೆ ತುಂಬಾ ಇಷ್ಟವಾದದ್ದು. ಅದು ಬೋದಿಗೆ.

ಕಂಬದ ತಲೆಯ ಮೇಲೆ ತೊಲೆಯನ್ನು ನೇರ ಕೂರಿಸದೆ, ನಡುವೆ ಎರಡೂ ಕಡೆ ಚಾಚಿದ ಒಂದು ತುಂಡು ಇಡುತ್ತಾರೆ. ಕೈ ಚಾಚಿ ತೊಲೆಯನ್ನು ಹಿಡಿದಂತೆ ಕಾಣುತ್ತದೆ. ಮರದ ಮನೆಯಲ್ಲಿ ಅದಕ್ಕೆ ಗಿಳಿ, ಹೂವು, ಬಳ್ಳಿ ಕೆತ್ತುತ್ತಾರೆ. ನೋಡಿದವರು ಕೆತ್ತನೆ ಹೊಗಳಿ ಮುಂದೆ ಹೋಗುತ್ತಾರೆ. ಆದರೆ ಅದು ಮಾಡುವ ಕೆಲಸ ನೋಡಿ. ಎರಡು ಕಂಬಗಳ ನಡುವೆ 10 ಅಡಿ ದೂರ ಅಂತಿಟ್ಟುಕೊಳ್ಳಿ. ಎರಡೂ ಕಡೆಯಿಂದ ಬೋದಿಗೆ ಒಂದೂವರೆ ಅಡಿ ಚಾಚಿದರೆ, ತೊಲೆ ಆಸರೆ ಇಲ್ಲದೆ ದಾಟಬೇಕಾದದ್ದು 7 ಅಡಿ ಮಾತ್ರ. ಹತ್ತು ಹತ್ತಲೆ ನೂರು, ಏಳು ಏಳಲೆ ನಲವತ್ತೊಂಬತ್ತು. ಹೊಟ್ಟೆಯ ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು! ಬೋದಿಗೆಯೂ ಸ್ವಲ್ಪ ಬಾಗುತ್ತದೆ, ಹಾಗಾಗಿ ನಿಜವಾದ ಲಾಭ ಇಷ್ಟು ಚೊಕ್ಕವಾಗಿ ಇರುವುದಿಲ್ಲ. ಆದರೂ ಆಚೀಚೆ ಒಂದೊಂದು ಮೊಳ ಚಾಚಿದ ತುಂಡಿಗೆ ಇದು ದೊಡ್ಡ ಕೆಲಸವೇ.

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದರೆ ಈ ಮೂರೂ ಉಪಾಯ ಒಟ್ಟಿಗೆ ಕಾಣುತ್ತವೆ. 1258ರಲ್ಲಿ, ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಕಲ್ಲು ಬಳಪದ ಕಲ್ಲು. ಬಳಪ ಅಂದರೆ ಸ್ಲೇಟಿನ ಮೇಲೆ ಬರೆಯುತ್ತಿದ್ದೆವಲ್ಲ, ಅದೇ. ಉದ್ದಕ್ಕೆ ಒತ್ತಿದರೆ ಏನೂ ಆಗದ ಬಳಪ, ಚೂರು ಬಗ್ಗಿಸಿದರೆ ಮುರಿಯುತ್ತಿತ್ತು. ಕೈಯಲ್ಲಿ ಅರ್ಧ ಬಳಪ ಹಿಡಿದು ಮೇಷ್ಟ್ರ ಬೈಗುಳ ತಿಂದವರಿಗೆ ಕಟ್ಟಡ ಶಾಸ್ತ್ರದ ಮೊದಲ ಪಾಠ ಆಗಲೇ ಆಗಿದೆ. ಅಂಥ ಕಲ್ಲಿನಲ್ಲಿ ತೊಲೆ ಮಾಡಬೇಕು. ಲೇತಿನಲ್ಲಿ ಕಡೆದಂತೆ ನುಣುಪಾದ ಕಂಬಗಳು ಹತ್ತಿರ ಹತ್ತಿರ ನಿಂತಿವೆ, ತಲೆಯ ಮೇಲೆ ಚಾಚಿದ ಕಲ್ಲುಗಳಿವೆ, ಅವುಗಳ ಮೇಲೆ ದಪ್ಪ ತೊಲೆಗಳು.

ಅಲ್ಲಿ ಕತ್ತೆತ್ತಿ ಮೇಲೆ ನೋಡಬೇಕು. ನಾಲ್ಕು ತೊಲೆಗಳ ನಡುವಿನ ಚೌಕವನ್ನು ಒಂದೇ ದೊಡ್ಡ ಚಪ್ಪಡಿಯಿಂದ ಮುಚ್ಚಿದರೆ ಆ ಚಪ್ಪಡಿಯ ಹೊಟ್ಟೆಯೂ ಬಿರಿಯುವ ಭಯ. ನಮ್ಮ ಹಳೆಯ ದೇವಾಲಯಗಳಲ್ಲಿ ಇದಕ್ಕೆ ಒಂದು ಜಾಣ್ಮೆಯ ದಾರಿ ಇದೆ. ಚೌಕದ ನಾಲ್ಕು ಮೂಲೆಗೆ ನಾಲ್ಕು ತ್ರಿಕೋನ ಕಲ್ಲು ಇಡುತ್ತಾರೆ. ಉಳಿದ ಕಿಂಡಿ ಓರೆಯಾಗಿ ತಿರುಗಿದ, ಸಣ್ಣ ಚೌಕವಾಗುತ್ತದೆ. ಅದರ ಮೂಲೆಗಳಿಗೆ ಮತ್ತೆ ನಾಲ್ಕು ಕಲ್ಲು. ಇನ್ನೂ ಸಣ್ಣ ಚೌಕ. ಕೊನೆಗೆ ಒಂದು ಪುಟ್ಟ ಚಪ್ಪಡಿ ಸಾಕು. ಹೀಗೆ ಸುತ್ತಿನ ಮೇಲೆ ಸುತ್ತು ಕಲ್ಲನ್ನು ಒಳಕ್ಕೆ ಚಾಚುತ್ತಾ ಹೋದರೆ ಒಳಗಿಂದ ಗುಮ್ಮಟದ ಹಾಗೆ ಆಳವಾಗಿ ಕಾಣುತ್ತದೆ. ಸೋಮನಾಥಪುರದ ಭುವನೇಶ್ವರಿಗಳು, ಅಂದರೆ ಕೆತ್ತನೆಯ ಒಳಛಾವಣಿಗಳು, ಅಂಥವು, ಬಾಳೆ ಮೋತೆಯಂತೆ ಕೆಳಗಿಳಿದ ಮೊಗ್ಗುಗಳ ಸಮೇತ. ಗುಮ್ಮಟದಂತೆ ಕಂಡರೂ ಅದು ಗುಮ್ಮಟವಲ್ಲ. ಅಲ್ಲಿ ಪ್ರತಿ ಕಲ್ಲೂ ಕೆಳಗಿನ ಕಲ್ಲಿನ ಮೇಲೆ ಮಲಗಿದೆ, ಅಷ್ಟೆ.

ಮೇಲುಕೋಟೆಯ ರಾಯಗೋಪುರದಲ್ಲಿ ಇದೇ ವಿದ್ಯೆಯ ಅಸ್ಥಿಪಂಜರ ನೋಡಬಹುದು. ಒಂದೇ ರಾತ್ರಿಯಲ್ಲಿ ಕಟ್ಟಲು ಹೋಗಿ ಬೆಳಗಾಯಿತು, ಅರ್ಧಕ್ಕೇ ನಿಂತಿತು ಅಂತ ಕಥೆ ಹೇಳುತ್ತಾರೆ. ಕಥೆ ಇರಲಿ. ಎತ್ತರದ ಕಂಬಗಳು, ಮೇಲೆ ಅಡ್ಡಗಲ್ಲು, ಅದರಾಚೆ ಬಯಲು ಆಕಾಶ. ದಕ್ಷಿಣದ ದೊಡ್ಡ ಗೋಪುರಗಳಲ್ಲಿ ಸಾಮಾನ್ಯವಾಗಿ ಕೆಳಭಾಗ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ, ಗಾರೆ. ಮೇಲೆ ಹಗುರ ಇದ್ದಷ್ಟೂ ಬಾಗಿಲ ಮೇಲಿನ ಅಡ್ಡಗಲ್ಲಿಗೆ ಆರಾಮ. ಇಲ್ಲಿ ಆ ಮೇಲ್ಭಾಗ ಬರಲೇ ಇಲ್ಲ. ಸಿನಿಮಾದವರು ಬಂದು ಹಾಡು ತೆಗೆಯುತ್ತಾರೆ. ಸಿವಿಲ್ ಹುಡುಗರು ಬಂದು ತೊಲೆಯ ತಳ ನೋಡಬೇಕು ಅನ್ನುವುದು ನನ್ನ ಆಸೆ.

ಇವೆಲ್ಲಕ್ಕಿಂತ ನನಗೆ ಬೆರಗು ಹುಟ್ಟಿಸುವುದು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು, ಆಗಿನ ಗವರ್ನರ್ ಜನರಲ್ ಹೆಸರು ಇಟ್ಟಿದ್ದಾರೆ. ಸೇತುವೆ ಅಂದ ಕೂಡಲೇ ನಮಗೆ ಕಮಾನು ನೆನಪಾಗುತ್ತದೆ. ಇಲ್ಲಿ ಕಮಾನಿಲ್ಲ. ನದಿಯಲ್ಲಿ ಕಲ್ಲಿನ ಕಂಬಗಳ ಸಾಲು, ಕಂಬದ ಮೇಲೆ ಚಾಚಿದ ಕಲ್ಲು, ಅದರ ಮೇಲೆ ಕಲ್ಲಿನ ತೊಲೆ. ಅಂದರೆ ನಮ್ಮ ಪಡಸಾಲೆಯನ್ನೇ ಉದ್ದ ಮಾಡಿ ಕಾವೇರಿಯ ಮೇಲೆ ಹಾಸಿದ ಹಾಗೆ. ಕಂಬ, ಬೋದಿಗೆ, ತೊಲೆ. ಎಷ್ಟೋ ದೊಡ್ಡ ಪ್ರವಾಹಗಳನ್ನು ಅದು ತಡೆದುಕೊಂಡಿದೆ. ಕಲ್ಲಿನ ತೊಲೆ ದೂರ ದಾಟಲಾರದು, ಅದಕ್ಕೇ ಅಷ್ಟೊಂದು ಕಂಬ. ಕಂಬ ಜಾಸ್ತಿಯಾದಷ್ಟೂ ನೀರಿಗೆ ಅಡ್ಡಿ ಜಾಸ್ತಿ. ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಕೈಯಲ್ಲಿದ್ದ ಕಲ್ಲಿಗೆ, ಕೆಲಸಗಾರರಿಗೆ ಗೊತ್ತಿದ್ದ ವಿದ್ಯೆಗೆ ತಕ್ಕಂತೆ ಕಟ್ಟಿದರು.

ಕಮಾನು ಈ ಹೊಟ್ಟೆನೋವಿಗೆ ಪೂರಾ ಬೇರೆ ಮದ್ದು. ಕಲ್ಲುಗಳನ್ನು ಬಿಲ್ಲಿನಂತೆ ಜೋಡಿಸಿದರೆ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಎಳೆತವೇ ಇಲ್ಲ, ಹಾಗಾಗಿ ಸಣ್ಣ ಕಲ್ಲು, ಇಟ್ಟಿಗೆಯಿಂದಲೂ ದೂರ ದಾಟಬಹುದು. ಆದರೆ ಕಮಾನು ತನ್ನ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳಾಟ ತಡೆಯಲು ಎರಡೂ ಕಡೆ ದಪ್ಪ ಗೋಡೆ ಬೇಕು. ತೊಲೆ ಯಾರನ್ನೂ ಪಕ್ಕಕ್ಕೆ ತಳ್ಳುವುದಿಲ್ಲ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಎರಡನ್ನೂ ಹೋಲಿಸಿ ನೋಡಬಹುದು. ನಡುವೆ ಗುಮ್ಮಟ, ಸುತ್ತ ನುಣುಪಾದ ಕರಿಕಲ್ಲಿನ ಕಂಬಗಳ ಸಾಲು.

ಮೈಸೂರು ಅರಮನೆಗೆ ಬಂದರೆ ಕಬ್ಬಿಣ ಸಿಗುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ವಿನ್ಯಾಸ, ಮುಗಿದದ್ದು 1912ರಲ್ಲಿ. ಅದರ ಕಲ್ಯಾಣ ಮಂಟಪದ ತೆಳ್ಳನೆಯ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದವು. ಎರಕದ ಕಬ್ಬಿಣದ ಗುಣ ಕಲ್ಲಿನದೇ. ಒತ್ತಿಗೆ ಗಟ್ಟಿ, ಎಳೆತಕ್ಕೆ ಸೋಲುತ್ತದೆ. ಹಾಗಾಗಿ ಕಂಬಕ್ಕೆ ಸರಿ, ತೊಲೆಗೆ ಅಷ್ಟು ಒಳ್ಳೆಯದಲ್ಲ. ಒತ್ತು, ಎಳೆತ ಎರಡನ್ನೂ ಸರಿಸಮ ತಡೆಯುವ ಉಕ್ಕು ಬಂದ ಮೇಲೆಯೇ ಅಂಕಣ ನಿಜವಾಗಿ ಹಿಗ್ಗಿದ್ದು.

ಈಗಿನ ಮನೆಗಳಲ್ಲಿ ಕಿಟಕಿ, ಬಾಗಿಲ ಮೇಲೆ ಹಾಕುವ ಲಿಂಟಲ್ ಹೇಗೆ ಅಂತ ಕೇಳಿದರೆ ಉತ್ತರ ಸುಲಭ. ಕಾಂಕ್ರೀಟು ಅಂದರೆ ಅಚ್ಚು ಹಾಕಿದ ಕಲ್ಲು. ಒತ್ತು ಅದು ತಡೆಯುತ್ತದೆ. ಎಳೆತ ಬರುವ ತಳದಲ್ಲಿ ಕಂಬಿ ಇಡುತ್ತೇವೆ. ಕಲ್ಲಿನ ಹೊಟ್ಟೆಗೆ ಕಬ್ಬಿನ ನಾರು ಹೊಲಿದಂತೆ. ಎರಡೂ ತುದಿ ಗೋಡೆಯ ಮೇಲೆ ಕನಿಷ್ಠ 6 ಅಂಗುಲವಾದರೂ ಕೂರಬೇಕು. ಮೇಲಿನ ಗೋಡೆ ಪೂರ್ತಿ ಲಿಂಟಲ್ ಮೇಲೆ ಬೀಳುತ್ತದೆ ಅಂತ ಹೆದರಬೇಕಿಲ್ಲ. ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಂಡು ತಾವೇ ಕಮಾನಿನಂತೆ ಭಾರವನ್ನು ಆಚೀಚೆ ದಾಟಿಸುತ್ತವೆ. ಬಾಗಿಲ ಮೇಲಿನ ಒಂದು ತ್ರಿಕೋನದಷ್ಟು ಗೋಡೆ ಮಾತ್ರ ಲಿಂಟಲ್ ಪಾಲಿಗೆ. ಹಳೆಯ ಗೋಡೆಗಳಲ್ಲಿ ಬಾಗಿಲವಾಡ ಹಾಳಾದಾಗ ಇಟ್ಟಿಗೆ ಉದುರುವುದೂ ತ್ರಿಕೋನವಾಗಿಯೇ.

ಆದರೆ ಕಂಬಿ ಯಾವಾಗಲೂ ತಳದಲ್ಲೇ ಅಂತ ಬಾಯಿಪಾಠ ಮಾಡಿದರೆ ಕೆಟ್ಟಿತು. ಕಿಟಕಿಯ ಮೇಲಿನ ಸಜ್ಜ ನೋಡಿ. ಒಂದೇ ಕಡೆ ಹಿಡಿತ, ಇನ್ನೊಂದು ಕಡೆ ಗಾಳಿಯಲ್ಲಿ. ಅದು ತುದಿಯಲ್ಲಿ ಜಗ್ಗಿದಾಗ ಎಳೆದುಕೊಳ್ಳುವುದು ಮೇಲ್ಮೈ. ಕಂಬಿ ಮೇಲಿರಬೇಕು. ನಮ್ಮ ನೆಂಟರೊಬ್ಬರ ಮನೆಯಲ್ಲಿ ಕಂಬಿ ಮೇಲೇ ಕಟ್ಟಿದ್ದರು, ಕಾಂಕ್ರೀಟು ಹಾಕುವಾಗ ಅದರ ಮೇಲೆ ಓಡಾಡಿ ತಳಕ್ಕೆ ತುಳಿದುಬಿಟ್ಟರು. ಸೆಂಟ್ರಿಂಗ್ ಬಿಚ್ಚಿದ ದಿನವೇ ಸಜ್ಜ ಬುಡದಲ್ಲಿ ಮುರಿದು ನೇತಾಡಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಸಿಮೆಂಟು ಸರಿಯಿಲ್ಲ ಅಂತ ಎಲ್ಲರೂ ಸಿಮೆಂಟನ್ನು ಬೈದರು.

ಇಷ್ಟು ಹೇಳುವ ಹೊತ್ತಿಗೆ ಚಿಕ್ಕಪ್ಪನ ಎರಡನೇ ಲೋಟ ಕಾಫಿ ಮುಗಿದಿತ್ತು. "ಸರಿ ಕಣ್ಲಾ, ತೆಗೆಯೋದು ಬ್ಯಾಡ. ಈ ಕಂಬನ ಆ ಗೋಡೆ ಕಡೆ ಒಂದ್ ನಾಲ್ಕಡಿ ಜರುಗ್ಸುದ್ರೆ?" ಅಂದರು. ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ, "ಎರಡು ಕಂಬ ಜಾಸ್ತೀನೇ ಕೊಟ್ಬುಡಿ, ಜಾಸ್ತಿ ಇದ್ರೆ ತೊಂದ್ರೆ ಏನು?" ಅಂದರು.

ಜಾಸ್ತಿ ಇದ್ದರೂ ತೊಂದರೆ ಆಗಬಹುದು. ಗೆಲಿಲಿಯೊ 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ದೊಡ್ಡ ಅಮೃತಶಿಲೆಯ ಕಂಬವೊಂದನ್ನು ಎರಡು ತುದಿಗೆ ಮರದ ದಿಮ್ಮಿ ಕೊಟ್ಟು ಮಲಗಿಸಿದ್ದರು. ನಡುವೆ ಮುರಿದೀತು ಅಂತ ಒಬ್ಬ ಜಾಣ ನಟ್ಟನಡುವೆ ಮೂರನೇ ಆಸರೆ ಕೊಡಿಸಿದ. ಎಲ್ಲರಿಗೂ ಸರಿ ಅನ್ನಿಸಿತು. ಕೆಲವು ತಿಂಗಳ ಮೇಲೆ ಕಂಬ ಸರಿಯಾಗಿ ಆ ನಡುವಿನ ಆಸರೆಯ ಮೇಲೇ ಬಿರಿದಿತ್ತು. ತುದಿಯ ಒಂದು ದಿಮ್ಮಿ ಕೊಳೆತು ಕುಸಿದಿತ್ತು, ನಡುವಿನದು ಗಟ್ಟಿಯಾಗಿ ನಿಂತಿತ್ತು. ಹಾಗಾಗಿ ಅರ್ಧ ಕಂಬ ಸಜ್ಜದಂತೆ ಗಾಳಿಯಲ್ಲಿ ನೇತಾಡಿತು. ಎಳೆತ ತಳದಿಂದ ಮೇಲ್ಮೈಗೆ ಬಂತು. ಆಸರೆ ಎಷ್ಟು ಅನ್ನುವುದರ ಜೊತೆಗೆ, ಎಲ್ಲ ಆಸರೆಯೂ ಒಂದೇ ಸಮ ನಿಲ್ಲುತ್ತವಾ ಅನ್ನುವುದನ್ನೂ ನೋಡಬೇಕು.

ಕಂಬ ಜರುಗಿಸಬಹುದಾ ಅಂತ ನೋಡಲು ಏಣಿ ಹತ್ತಿದೆ. ವರ್ಷಗಳ ಹೊಗೆ, ಜೇಡರ ಬಲೆ. ಬಟ್ಟೆಯಿಂದ ಒರೆಸಿ ಬೋದಿಗೆಯ ಮೇಲೆ ಟಾರ್ಚ್ ಬಿಟ್ಟೆ. ನೆಲದಿಂದ ನೋಡಿದಾಗ ಪಡಸಾಲೆಯ ಉದ್ದಕ್ಕೂ ಒಂದೇ ತೊಲೆ ಅನ್ನಿಸುತ್ತಿತ್ತು. ಒಂದೇ ಅಲ್ಲ, ಎರಡು. ಸರಿಯಾಗಿ ಆ ಕಂಬದ ನೆತ್ತಿಯ ಮೇಲೆ ಎರಡೂ ತುದಿ ಬಂದು ಸೇರಿದ್ದವು. ಕೆಳಗಿನಿಂದ ಕಾಣದಂತೆ ಬೋದಿಗೆ ಜೋಡಣೆಯನ್ನು ಮರೆಮಾಡಿತ್ತು. ಕಟ್ಟಿದ ಆಚಾರಿಗೆ ಅಷ್ಟುದ್ದದ ಮರ ಸಿಕ್ಕಿರಲಿಕ್ಕಿಲ್ಲ. ಹಳೆಯ ಮನೆಗಳಲ್ಲಿ ಹೀಗೆ ಕಂಬದ ಮೇಲೆ ತೊಲೆ ಕೂಡಿಸುವುದು ಸಾಮಾನ್ಯ.

ಅಂದರೆ ನಾನು ಇಷ್ಟು ಹೊತ್ತು ಹೇಳಿದ ನಾಲ್ಕರಷ್ಟು, ಹದಿನಾರರಷ್ಟು ಲೆಕ್ಕ ಇಲ್ಲಿ ಅನ್ವಯಿಸುವುದೇ ಇಲ್ಲ. ಆ ಲೆಕ್ಕ ತೊಲೆ ಒಂದೇ ತುಂಡಾಗಿದ್ದರೆ ಮಾತ್ರ. ಇಲ್ಲಿ ಕಂಬ ತೆಗೆದರೆ, ಅಥವಾ ಚಿಕ್ಕಪ್ಪ ಹೇಳಿದಂತೆ ನಾಲ್ಕಡಿ ಜರುಗಿಸಿದರೂ, ತೊಲೆಯ ಎರಡು ತುದಿಗಳೂ ಗಾಳಿಯಲ್ಲಿ. ರಾಗಿ ಮೂಟೆ, ಹಂಡೆ, ಹೈಸ್ಕೂಲು ಪುಸ್ತಕ ಎಲ್ಲ ಪಡಸಾಲೆಯ ಮಧ್ಯಕ್ಕೆ.

ಬೇಕೇ ಬೇಕು ಅಂದರೆ ದಾರಿ ಇಲ್ಲದಿಲ್ಲ. ತೊಲೆಯ ಕೆಳಗೆ ಉದ್ದಕ್ಕೂ ಉಕ್ಕಿನ ಗರ್ಡರ್ ಕೊಡಬಹುದು. ಆದರೆ ನಡುವಿನ ಕಂಬ ಹೊರುತ್ತಿದ್ದದ್ದು ಎರಡೂ ಅಂಕಣಗಳ ಅರ್ಧರ್ಧ ಭಾರ. ಅದು ಹೋದರೆ ಆ ಭಾರ ಆಚೀಚೆಯ ಎರಡು ಆಸರೆಗೆ ಹಂಚಿಹೋಗುತ್ತದೆ. ಈ ಅಂಕಣಗಳಿಂದ ಅವುಗಳ ಮೇಲೆ ಬೀಳುವ ಭಾರ ಎರಡರಷ್ಟಾಗುತ್ತದೆ. ನಮ್ಮಲ್ಲಿ ಒಂದು ಕಡೆಯ ಆಸರೆ ಮಣ್ಣಿನ ಗೋಡೆ. ಅದನ್ನೂ ಬಿಚ್ಚಿ, ಕೆಳಗೆ ಅಡಿಪಾಯ ಹಾಕಿ, ಹೊಸ ಕಂಬ ಎಬ್ಬಿಸಬೇಕು. ಖರ್ಚು ಹೇಳಿದೆ. ಚಿಕ್ಕಪ್ಪ ನಿಶ್ಚಿತಾರ್ಥದ ಊಟದ ಲೆಕ್ಕಕ್ಕೆ ವಾಪಸಾದರು.

ಏಣಿ ಇಳಿಯುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಮರದ ಕಂಬವನ್ನು ನೆಲದ ತೇವ, ಗೆದ್ದಲು ಮುಟ್ಟದಿರಲಿ ಅಂತ ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಾರೆ. ಯಾವಾಗಲೋ ಪಡಸಾಲೆಗೆ ಟೈಲ್ಸ್ ಹಾಕಿಸಿದಾಗ ನೆಲ ಏರಿತ್ತು. ಪೀಠ ಮುಚ್ಚಿಹೋಗಿ ಮರದ ಬುಡ ನೆಲಕ್ಕೇ ತಾಗಿತ್ತು. ಚಾಕು ಚುಚ್ಚಿದರೆ ಬೆಣ್ಣೆಯಂತೆ ಒಳಗೆ ಹೋಯಿತು.

ಮುಂದಿನ ವಾರ ಬಡಗಿಯನ್ನು ಕರೆಸಿ, ಅಟ್ಟ ಖಾಲಿ ಮಾಡಿಸಿ, ಬೋದಿಗೆಯ ಎರಡೂ ಪಕ್ಕ ಜಾಕ್ ಕೊಟ್ಟು ತೊಲೆಗಳನ್ನು ಕೂದಲೆಳೆಯಷ್ಟು ಎತ್ತಿದೆವು. ಕಂಬದ ಬುಡದಲ್ಲಿ ಮುಕ್ಕಾಲು ಅಡಿ ಕೊಯ್ದು ತೆಗೆದು, ಅಷ್ಟೇ ಎತ್ತರದ ಕಲ್ಲಿನ ಪೀಠ ಕೂರಿಸಿದೆವು. ಜಾಕ್ ಇಳಿಸುವಾಗ ತೊಲೆ ಒಮ್ಮೆ ಕಿರ್ ಅಂದಿತು. ಅಡುಗೆಮನೆಯಿಂದ ಚಿಕ್ಕಮ್ಮ ಓಡಿ ಬಂದರು. ಅಷ್ಟರಲ್ಲಿ ಸದ್ದು ನಿಂತಿತ್ತು. ನಿಶ್ಚಿತಾರ್ಥ ಬೀದಿಯಲ್ಲಿ ಶಾಮಿಯಾನ ಹಾಕಿ ಮಾಡಿದರು. ಅದಕ್ಕೆ ಹನ್ನೆರಡು ಕಂಬ ನೆಟ್ಟಿದ್ದರು.